ಪೋಸ್ಟ್‌ಗ್ರೆಸ್‌ನಲ್ಲಿ ತಾತ್ಕಾಲಿಕ ಟೇಬಲ್ ಕೈಕೊಟ್ಟಾಗ: ದೋಷ ಹುಡುಕುವ ಕೈಪಿಡಿ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸ್ವಲ್ಪ ಹೊತ್ತಿನ ಕೆಲಸಕ್ಕೆಂದು ಮಾಡಿಕೊಳ್ಳುವ ತಾತ್ಕಾಲಿಕ ಟೇಬಲ್‌ಗಳ ಬಗ್ಗೆ ಬರುವ ದೂರುಗಳನ್ನು ನಾಲ್ಕು ಗುಂಪಿನಲ್ಲಿ ಇಡಬಹುದು. ಈಗಷ್ಟೇ ಮಾಡಿದ ಟೇಬಲ್ ಇಲ್ಲವೆಂದೋ, ಮಾಡದ ಟೇಬಲ್ ಈಗಾಗಲೇ ಇದೆಯೆಂದೋ ಡೇಟಾಬೇಸ್ ಹೇಳುತ್ತದೆ. ಅಥವಾ ದೋಷ ಸಂದೇಶವೇ ಇರುವುದಿಲ್ಲ, ಮೊತ್ತ ಮಾತ್ರ ತಪ್ಪಾಗಿರುತ್ತದೆ. ಅಥವಾ ಉತ್ತರ ಸರಿಯಿದ್ದರೂ ಕ್ಷಣದಲ್ಲಿ ಮುಗಿಯಬೇಕಾದ ವರದಿ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ನಾಲ್ಕನೆಯದರಲ್ಲಿ ಯಾವ ಕ್ವೆರಿಯ ಮೇಲೂ ಬೆರಳಿಟ್ಟು ತೋರಿಸಲಾಗುವುದಿಲ್ಲ. ಇಡೀ ಡೇಟಾಬೇಸ್ ವಾರದಿಂದ ವಾರಕ್ಕೆ ಭಾರವಾಗುತ್ತಾ ಹೋಗುತ್ತದೆ.

ಈ ನಾಲ್ಕಕ್ಕೂ ಬೇರು ಒಂದೇ. ತಾತ್ಕಾಲಿಕ ಟೇಬಲ್ ಎಂಬುದು ಒಂದು ಸೆಷನ್‌ನ, ಅಂದರೆ ಡೇಟಾಬೇಸ್ ಜೊತೆಗಿನ ಒಂದು ಕನೆಕ್ಷನ್‌ನ, ಸ್ವಂತ ಸೊತ್ತು. ಅದರೊಳಗಿನ ಸಾಲುಗಳನ್ನು ಮತ್ತೊಂದು ಸೆಷನ್ ಓದಲಾರದು, ಹಿನ್ನೆಲೆಯಲ್ಲಿ ಓಡುವ ಆಟೋವ್ಯಾಕ್ಯೂಮ್ ಶುಚಿ ಮಾಡಲಾರದು, ಒಂದೇ ಕ್ವೆರಿಯನ್ನು ಹಂಚಿಕೊಂಡು ಓಡಿಸುವ ಸಮಾನಾಂತರ ವರ್ಕರ್‌ಗಳು ಮುಟ್ಟಲಾರವು. ಆದ್ದರಿಂದ ಕ್ವೆರಿಯನ್ನು ತಿದ್ದಲು ಕೂರುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬೇಕು: ಈ ಟೇಬಲ್ ಯಾವ ಸೆಷನ್‌ನದು? ಅದು ಎಲ್ಲಿಯವರೆಗೆ ಬದುಕಿರಬೇಕಿತ್ತು? ಅದರೊಳಗೆ ಏನಿದೆ ಎಂದು, ಕ್ವೆರಿಯನ್ನು ಹೇಗೆ ಓಡಿಸಬೇಕೆಂದು ನಿರ್ಧರಿಸುವ ಪ್ಲಾನರ್‌ಗೆ ಯಾರಾದರೂ ತಿಳಿಸಿದ್ದಾರೆಯೇ? ಇವನ್ನು ಕೇಳದೆ ಹುಡುಕಾಟಕ್ಕೆ ಇಳಿದವರು ಸರಿಯಾಗಿಯೇ ಇರುವ ಎಸ್‌ಕ್ಯೂಎಲ್ ಅನ್ನು ದಿನಗಟ್ಟಲೆ ತಿದ್ದುತ್ತಾ ಕೂರುವುದನ್ನು ನೋಡಿದ್ದೇನೆ.

ಇಲ್ಲಿ ಆಜ್ಞೆಗಳನ್ನೂ ಸೆಟ್ಟಿಂಗ್‌ಗಳ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳ ಎಂದಿನ ರೂಪದಲ್ಲೇ ಟೈಪ್ ಮಾಡಬೇಕು. ಉದಾಹರಣೆಗಾಗಿ ವೇತನ ಲೆಕ್ಕದ ಒಂದು ತಾತ್ಕಾಲಿಕ ಟೇಬಲ್ ಇಟ್ಟುಕೊಳ್ಳೋಣ. ಹೆಸರು ಹಾಜರಿ_ಕರಡು. ಅದರಲ್ಲಿ ಎರಡೇ ಕಾಲಂ: ನೌಕರ_ಸಂಖ್ಯೆ ಮತ್ತು ಸ್ಥಿತಿ, ಎರಡೂ ಇಂಟಿಜರ್.

ಟೇಬಲ್ ಇಲ್ಲ, ಅಥವಾ ಈಗಾಗಲೇ ಇದೆ

ಲಾಗ್‌ನಲ್ಲಿ 42ಪಿ01 ಎಂಬ ಸಂಕೇತ ಕಂಡರೆ ಟೇಬಲ್ ಸಿಗಲಿಲ್ಲ ಎಂದರ್ಥ. 42ಪಿ07 ಕಂಡರೆ ಅದೇ ಹೆಸರಿನ ಟೇಬಲ್ ಮೊದಲೇ ಇದೆ. ಒಂದೇ ಕೋಡ್‌ನಿಂದ ಒಮ್ಮೆ ಇದು, ಒಮ್ಮೆ ಅದು ಬರುತ್ತಿದ್ದರೆ, ಅಭಿವೃದ್ಧಿಯ ಯಂತ್ರದಲ್ಲಿ ಎರಡೂ ಬಾರದೆ ನಿಜವಾದ ಸರ್ವರ್‌ನಲ್ಲಿ ಮಾತ್ರ ಬರುತ್ತಿದ್ದರೆ, ಬೇರೆಲ್ಲ ಬಿಟ್ಟು ಕನೆಕ್ಷನ್ ಪೂಲರ್ (ಕೆಲವೇ ಸರ್ವರ್ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ತಂತ್ರಾಂಶ) ಕಡೆ ನೋಡಿ.

ಪಿಜಿಬೌನ್ಸರ್‌ನಂಥ ಪೂಲರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಓಡುತ್ತಿದ್ದರೆ, ಒಂದು ಟ್ರಾನ್ಸಾಕ್ಷನ್ (ಒಟ್ಟಾಗಿ ಕಮಿಟ್ ಆಗಿ ಉಳಿಯುವ, ಇಲ್ಲವೇ ರೋಲ್‌ಬ್ಯಾಕ್ ಆಗಿ ರದ್ದಾಗುವ ಆಜ್ಞೆಗಳ ಗುಂಪು) ಮುಗಿದ ಕೂಡಲೇ ಹಿಂದಿನ ನಿಜವಾದ ಸರ್ವರ್ ಕನೆಕ್ಷನ್ ಬೇರೊಬ್ಬರಿಗೆ ಹೋಗಬಹುದು. ಅಪ್ಲಿಕೇಶನ್ ಪಾಲಿಗೆ ಅದು ಒಂದೇ ಕನೆಕ್ಷನ್. ಪೋಸ್ಟ್‌ಗ್ರೆಸ್ ಪಾಲಿಗೆ ಮೊದಲ ಆಜ್ಞೆ ಒಂದು ಸೆಷನ್‌ನಿಂದ ಬಂದಿತು, ಎರಡನೆಯದು ಇನ್ನೊಂದರಿಂದ. ಹಾಜರಿ_ಕರಡು ಮೊದಲ ಸೆಷನ್‌ನಲ್ಲೇ ಉಳಿಯಿತು. ಎರಡನೆಯ ಸೆಷನ್‌ನಲ್ಲಿ ಹುಡುಕಿದವರಿಗೆ 42ಪಿ01, ಆ ಮೊದಲ ಸೆಷನ್ ಮತ್ತೆ ಕೈಗೆ ಸಿಕ್ಕಿ ಅದೇ ಟೇಬಲ್ ಮಾಡಲು ಹೊರಟವರಿಗೆ 42ಪಿ07.

ಇದನ್ನು ಊಹೆಯ ಮೇಲೆ ಬಿಡಬೇಕಿಲ್ಲ, ಸಾಬೀತು ಮಾಡಬಹುದು. ಟೇಬಲ್ ಮಾಡಿದ ಕೂಡಲೇ ಒಮ್ಮೆ, ಅದನ್ನು ಬಳಸುವ ಆಜ್ಞೆಗೆ ಮುಂಚೆ ಇನ್ನೊಮ್ಮೆ, ಸೆಲೆಕ್ಟ್ ಪಿಜಿ_ಬ್ಯಾಕೆಂಡ್_ಪಿಐಡಿ() ಓಡಿಸಿ ಎರಡೂ ಸಂಖ್ಯೆಗಳನ್ನು ಅಪ್ಲಿಕೇಶನ್ ಲಾಗ್‌ಗೆ ಬರೆಸಿ. ಸಂಖ್ಯೆ ಬದಲಾಗಿದ್ದರೆ ಸೆಷನ್ ಬದಲಾಗಿದೆ, ಅಲ್ಲಿಗೆ ವಾದ ಮುಗಿಯಿತು. ಜೊತೆಗೆ ಪಿಜಿ_ಮೈ_ಟೆಂಪ್_ಸ್ಕೀಮಾ() ಕೂಡ ಕೇಳಿ ನೋಡಿ. ಈ ಸೆಷನ್ ಇನ್ನೂ ಒಂದೂ ತಾತ್ಕಾಲಿಕ ಟೇಬಲ್ ಮಾಡಿಲ್ಲದಿದ್ದರೆ ಅದು ಸೊನ್ನೆ ಕೊಡುತ್ತದೆ, ಮಾಡಿದ್ದರೆ ಪಿಜಿ_ಟೆಂಪ್_ ಎಂದು ಆರಂಭವಾಗಿ ಕೊನೆಗೊಂದು ಸಂಖ್ಯೆ ಇರುವ ಸ್ಕೀಮಾದ (ಟೇಬಲ್‌ಗಳನ್ನು ಗುಂಪಾಗಿ ಇಡುವ ಚೌಕಟ್ಟಿನ) ಗುರುತನ್ನು ಕೊಡುತ್ತದೆ. ಇಂಥ ಖಾಲಿ ಸ್ಕೀಮಾಗಳು ಸೆಷನ್ ಮುಗಿದ ಮೇಲೂ ಪಟ್ಟಿಯಲ್ಲಿ ಉಳಿದುಕೊಂಡಿರುತ್ತವೆ. ಮುಂದೆ ಬರುವ ಸೆಷನ್ ಅದನ್ನೇ ಮತ್ತೆ ಬಳಸುತ್ತದೆ, ಅವನ್ನು ಅಳಿಸಲು ಹೋಗಬೇಡಿ.

ಪೂಲರ್ ಕಾರಣವೆಂದು ಗೊತ್ತಾದ ಮೇಲೆ ಪರಿಹಾರ ಸರಳ: ಟೇಬಲ್ ಮಾಡುವುದು, ತುಂಬುವುದು, ಓದುವುದು ಮೂರನ್ನೂ ಒಂದೇ ಟ್ರಾನ್ಸಾಕ್ಷನ್‌ನೊಳಗೆ ತಂದು, ಟೇಬಲ್‌ಗೆ ಆನ್ ಕಮಿಟ್ ಡ್ರಾಪ್ (ಕಮಿಟ್ ಆದ ಕೂಡಲೇ ಟೇಬಲ್ ಅಳಿಯಲಿ ಎಂಬ ಷರತ್ತು) ಹಾಕಿ. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ನಂಬಿಕೆಗೆ ಅರ್ಹವಾದ ತಾತ್ಕಾಲಿಕ ಟೇಬಲ್ ಇದೊಂದೇ. ಆ ಕೆಲಸಕ್ಕೆ ಮಾತ್ರ ಸೆಷನ್ ಮೋಡ್‌ನ ಪ್ರತ್ಯೇಕ ಪೂಲ್ ಕೊಡುವುದೂ ಆಗಬಹುದು. ಸೆಷನ್ ಮೋಡ್‌ನಲ್ಲಿ ಪಿಜಿಬೌನ್ಸರ್ ಕನೆಕ್ಷನ್ ಹಿಂದಿರುಗಿದಾಗ ಡಿಸ್ಕಾರ್ಡ್ ಆಲ್ ಓಡಿಸುತ್ತದೆ, ಅದು ತಾತ್ಕಾಲಿಕ ಟೇಬಲ್‌ಗಳನ್ನೂ ತೆಗೆದುಹಾಕುತ್ತದೆ. ಆದರೆ ವೇಗಕ್ಕೆಂದು ಯಾರೋ ಆ ಆಜ್ಞೆ ಇರುವ ಸರ್ವರ್_ರೀಸೆಟ್_ಕ್ವೆರಿ ಸೆಟ್ಟಿಂಗನ್ನು ಖಾಲಿ ಮಾಡಿಟ್ಟಿದ್ದರೆ ಆ ರಕ್ಷಣೆ ಇರುವುದಿಲ್ಲ, ಹಾಗಾಗಿ ಆ ಸಾಲನ್ನು ತೆರೆದು ನೋಡಿ. ಅಪ್ಲಿಕೇಶನ್‌ನೊಳಗೇ ಇರುವ ಪೂಲ್‌ಗಳಲ್ಲಿ ಹಲವು ಕನೆಕ್ಷನ್ ಮರಳಿದಾಗ ರೋಲ್‌ಬ್ಯಾಕ್ ಮಾಡಿ ಸುಮ್ಮನಾಗುತ್ತವೆ. ಕಮಿಟ್ ಆದ ತಾತ್ಕಾಲಿಕ ಟೇಬಲ್ ಹಾಗೆಯೇ ಉಳಿದು ಮುಂದಿನವರಿಗೆ 42ಪಿ07 ಕೊಡುತ್ತದೆ.

ಪೂಲರ್ ಇಲ್ಲದೆಯೂ ಟೇಬಲ್ ಮಾಯವಾಗುವುದುಂಟು. ಆಟೋಕಮಿಟ್ ಚಾಲೂ ಇದ್ದಾಗ ಆನ್ ಕಮಿಟ್ ಡ್ರಾಪ್ ಹಾಕಿ ಟೇಬಲ್ ಮಾಡಿದರೆ, ಆ ಕ್ರಿಯೇಟ್ ಆಜ್ಞೆಯೇ ಒಂದು ಪೂರ್ತಿ ಟ್ರಾನ್ಸಾಕ್ಷನ್. ಆಜ್ಞೆ ಯಶಸ್ವಿಯಾಗುತ್ತದೆ, ಅದೇ ಉಸಿರಿನಲ್ಲಿ ಟೇಬಲ್ ಹೋಗಿಬಿಡುತ್ತದೆ. ಬಿಗಿನ್ ಇಲ್ಲದೆ ಆನ್ ಕಮಿಟ್ ಡ್ರಾಪ್‌ಗೆ ಅರ್ಥವೇ ಇಲ್ಲ. ಹಾಗೆಯೇ ಟೇಬಲ್ ಮಾಡಿದ ಟ್ರಾನ್ಸಾಕ್ಷನ್ ಮುಂದೆಲ್ಲೋ ದೋಷಕ್ಕೆ ಸಿಕ್ಕಿ ರೋಲ್‌ಬ್ಯಾಕ್ ಆದರೆ ಟೇಬಲ್ ಕೂಡ ಅದರೊಂದಿಗೇ ಹೋಗುತ್ತದೆ. ಆಗ ಅಪ್ಲಿಕೇಶನ್ ಮೊದಲ ದೋಷವನ್ನು ನುಂಗಿ ಮುಂದುವರಿದು, ಲಾಗ್‌ನಲ್ಲಿ ಎರಡನೆಯದನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ 42ಪಿ01 ಕಂಡಾಗ ಅದೇ ಪ್ರೋಸೆಸ್ ಸಂಖ್ಯೆಯ ಹಿಂದಿನ ಸಾಲುಗಳನ್ನು ಸರ್ವರ್ ಲಾಗ್‌ನಲ್ಲೇ ಓದಬೇಕು.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಿಂದ ಬಂದ ಕೋಡ್‌ನಲ್ಲಿ 42ಪಿ07 ಬರುವುದಕ್ಕೆ ಬೇರೆಯದೇ ಕಾರಣ. ಅಲ್ಲಿ ಸ್ಟೋರ್ಡ್ ಪ್ರೊಸೀಜರ್ ಒಳಗೆ ಮಾಡಿದ ತಾತ್ಕಾಲಿಕ ಟೇಬಲ್ ಪ್ರೊಸೀಜರ್ ಮುಗಿದಾಗ ತಾನಾಗಿ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಮುಗಿದರೂ ಟೇಬಲ್ ಉಳಿಯುತ್ತದೆ, ಅದೇ ಸೆಷನ್‌ನಲ್ಲಿ ಎರಡನೆಯ ಬಾರಿ ಕರೆದಾಗ ಡಿಕ್ಕಿ ಹೊಡೆಯುತ್ತದೆ.

ಕನ್ನಡದಲ್ಲೇ ಟೇಬಲ್ ಹೆಸರಿಡುವವರಿಗೆ ಒಂದು ಮಾತು. ಪೋಸ್ಟ್‌ಗ್ರೆಸ್ ಅದನ್ನು ಒಪ್ಪುತ್ತದೆ. ಆದರೆ ಹೆಸರಿನ ಮಿತಿ 63 ಬೈಟ್, ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್. ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ 21 ಸಂಕೇತಕ್ಕೆ ಜಾಗ ಮುಗಿಯುತ್ತದೆ. ಉದ್ದ ಹೆಸರನ್ನು ಅದು ಒಂದು ಸೂಚನೆ ಕೊಟ್ಟು ಕತ್ತರಿಸುತ್ತದೆ. ಕೊನೆಯಲ್ಲಿ ಮಾತ್ರ ಭಿನ್ನವಾಗಿರುವ ಎರಡು ಉದ್ದ ಹೆಸರುಗಳು ಕತ್ತರಿಸಿದ ಮೇಲೆ ಒಂದೇ ಆಗಿ, ಎರಡನೆಯದಕ್ಕೆ ಈಗಾಗಲೇ ಇದೆ ಎಂಬ ದೋಷ ಬರುತ್ತದೆ.

ದೋಷ ಸಂದೇಶವಿಲ್ಲದ ತಪ್ಪು ಮೊತ್ತ

ಎಲ್ಲಕ್ಕಿಂತ ಅಪಾಯಕಾರಿ ಇದು. ಕ್ವೆರಿ ನಿಂತುಹೋದರೆ ಯಾರಾದರೂ ದೂರು ಕೊಡುತ್ತಾರೆ. ವೇತನ ಎರಡು ಪಟ್ಟು ಲೆಕ್ಕವಾದರೆ ಅದು ಬ್ಯಾಂಕ್‌ಗೆ ಹೋಗುವವರೆಗೂ ಯಾರಿಗೂ ಗೊತ್ತಾಗದಿರಬಹುದು.

ಇದರ ಹಿಂದೆ ಹೆಚ್ಚಾಗಿ ಇರುವುದು 42ಪಿ07 ಅನ್ನು ಬಾಯಿ ಮುಚ್ಚಿಸಿದ ಒಂದು ತಿದ್ದುಪಡಿ. ಟೇಬಲ್ ಈಗಾಗಲೇ ಇದೆ ಎಂಬ ದೋಷ ಬಂದಾಗ ಯಾರೋ ಕ್ರಿಯೇಟ್ ಟೆಂಪ್ ಟೇಬಲ್‌ಗೆ ಇಫ್ ನಾಟ್ ಎಕ್ಸಿಸ್ಟ್ಸ್ ಸೇರಿಸುತ್ತಾರೆ. ದೋಷ ಹೋಗುತ್ತದೆ. ಹಿಂದಿನ ಸುತ್ತಿನ ಸಾಲುಗಳು ಮಾತ್ರ ಅಲ್ಲೇ ಇರುತ್ತವೆ. ಅವುಗಳ ಮೇಲೆ ಹೊಸ ಇನ್ಸರ್ಟ್ ಬಂದು ಕೂರುತ್ತದೆ. ಕಾಲಂಗಳು ಬದಲಾಗಿದ್ದರೂ ಹಳೆಯ ರಚನೆಯೇ ಉಳಿಯುತ್ತದೆ, ಏಕೆಂದರೆ ಆ ಆಜ್ಞೆ ಹೆಸರನ್ನು ಮಾತ್ರ ನೋಡುತ್ತದೆ, ಒಳಗಿನದನ್ನಲ್ಲ. ತಾತ್ಕಾಲಿಕ ಟೇಬಲ್ ವಿಷಯದಲ್ಲಿ ಇಫ್ ನಾಟ್ ಎಕ್ಸಿಸ್ಟ್ಸ್ ಅನ್ನು ಒಂಟಿಯಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಬಳಸಲೇಬೇಕಿದ್ದರೆ ಮರುಸಾಲಿನಲ್ಲೇ ಟೇಬಲ್ ಖಾಲಿ ಮಾಡುವ ಆಜ್ಞೆ ಇರಬೇಕು.

ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸಿದ ಕೋಡ್‌ನಲ್ಲಿ ಇದೇ ರೋಗ ಬೇರೆ ದಾರಿಯಲ್ಲಿ ಬರುತ್ತದೆ. ಎಸ್‌ಕ್ಯೂಎಲ್ ಮಾನದಂಡದ ಪ್ರಕಾರ ಏನೂ ಹೇಳದಿದ್ದರೆ ಕಮಿಟ್ ಆದಾಗ ತಾತ್ಕಾಲಿಕ ಟೇಬಲ್‌ನ ಸಾಲುಗಳು ಅಳಿಯಬೇಕು. ಒರಾಕಲ್‌ನ ಗ್ಲೋಬಲ್ ಟೆಂಪರರಿ ಟೇಬಲ್ ಹಾಗೆಯೇ ನಡೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಏನೂ ಹೇಳದಿದ್ದರೆ ಆನ್ ಕಮಿಟ್ ಪ್ರಿಸರ್ವ್ ರೋಸ್, ಅಂದರೆ ಸಾಲುಗಳು ಉಳಿಯುತ್ತವೆ. ಗ್ಲೋಬಲ್, ಲೋಕಲ್ ಎಂಬ ಪದಗಳನ್ನು ಅದು ಓದಿಕೊಂಡು ಬಿಟ್ಟುಬಿಡುತ್ತದೆ, ಅವುಗಳಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ. ಹೀಗಾಗಿ ಅಕ್ಷರ ಬದಲಿಸದೆ ತಂದ ಆಜ್ಞೆ, ಗ್ಲೋಬಲ್ ಪದ ಹಳತಾಯಿತೆಂಬ ಎಚ್ಚರಿಕೆಯೊಂದನ್ನು ಬಿಟ್ಟರೆ, ಯಾವ ದೋಷವೂ ಇಲ್ಲದೆ ಓಡಿ, ಎರಡನೆಯ ಸುತ್ತಿನಲ್ಲಿ ಮೊದಲ ಸುತ್ತಿನ ಸಾಲುಗಳನ್ನೂ ಸೇರಿಸಿ ಕೂಡುತ್ತದೆ. ಆನ್ ಕಮಿಟ್ ಏನೆಂಬುದನ್ನು ಪ್ರತಿ ತಾತ್ಕಾಲಿಕ ಟೇಬಲ್‌ಗೂ ಬಾಯಿಬಿಟ್ಟು ಬರೆಯಿರಿ.

ಪರೀಕ್ಷಿಸುವುದು ಹೀಗೆ: ತುಂಬುವ ಇನ್ಸರ್ಟ್‌ಗೆ ಮುಂಚಿನ ಸಾಲಿನಲ್ಲಿ ಕೌಂಟ್ ತೆಗೆಯಿರಿ. ಅದು ಸೊನ್ನೆಯಲ್ಲದಿದ್ದರೆ ಕಾರಣ ಸಿಕ್ಕಿತು.

ಸೊನ್ನೆಯೇ ಬಂದರೆ? ಆಗ ನೀವು ಓದುತ್ತಿರುವುದು ಯಾವ ಟೇಬಲ್ ಎಂದು ನೋಡಬೇಕು. ಹೆಸರುಗಳನ್ನು ಯಾವ ಸ್ಕೀಮಾಗಳಲ್ಲಿ ಹುಡುಕಬೇಕೆಂದು ಹೇಳುವ ಸರ್ಚ್_ಪಾಥ್‌ನಲ್ಲಿ ಬರೆಯದಿದ್ದರೂ ಪಿಜಿ_ಟೆಂಪ್ ಎಲ್ಲಕ್ಕಿಂತ ಮೊದಲು ಹುಡುಕಲ್ಪಡುತ್ತದೆ. ಶಾಶ್ವತ ಟೇಬಲ್ ಹೆಸರೂ ಹಾಜರಿ, ತಾತ್ಕಾಲಿಕ ಟೇಬಲ್ ಹೆಸರೂ ಹಾಜರಿ ಆಗಿದ್ದರೆ, ಆ ಸೆಷನ್‌ನಲ್ಲಿ ಬರೀ ಹಾಜರಿ ಎಂದರೆ ತಾತ್ಕಾಲಿಕದ್ದೇ. ಅಪ್‌ಡೇಟ್ ಯಶಸ್ವಿಯಾಯಿತು, ಆದರೆ ಡೇಟಾ ಬದಲಾಗಿಲ್ಲ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ. ಬದಲಾವಣೆ ತಾತ್ಕಾಲಿಕ ಟೇಬಲ್‌ಗೆ ಹೋಗಿ ಸೆಷನ್‌ನೊಂದಿಗೆ ಮುಗಿಯಿತು. ಪಿಜಿ_ಕ್ಲಾಸ್ ಮತ್ತು ಪಿಜಿ_ನೇಮ್‌ಸ್ಪೇಸ್ ಜೋಡಿಸಿ ಆ ಹೆಸರಿನ ಎಲ್ಲ ಟೇಬಲ್‌ಗಳನ್ನೂ ಪಟ್ಟಿ ಮಾಡಿ, ಪಿಜಿ_ಟೇಬಲ್_ಈಸ್_ವಿಸಿಬಲ್ ಯಾವುದಕ್ಕೆ ಟ್ರೂ ಎನ್ನುತ್ತದೆ ನೋಡಿದರೆ ತಿಳಿಯುತ್ತದೆ.

ಇದಕ್ಕೆ ಇನ್ನೊಂದು ಮಡಿಕೆಯಿದೆ, ಅದೇ ಈ ದೋಷವನ್ನು ಒಮ್ಮೆ ಬಂದು ಒಮ್ಮೆ ಬಾರದಂತೆ ಮಾಡುವುದು. ಸಿದ್ಧಪಡಿಸಿಟ್ಟ ಸ್ಟೇಟ್‌ಮೆಂಟ್ ಮೊದಲು ಶಾಶ್ವತ ಹಾಜರಿಯನ್ನು ಹಿಡಿದುಕೊಂಡಿದೆ ಎನ್ನಿ. ಆಮೇಲೆ ಅದೇ ಹೆಸರಿನ ತಾತ್ಕಾಲಿಕ ಟೇಬಲ್ ಹುಟ್ಟಿದರೂ ಆ ಸ್ಟೇಟ್‌ಮೆಂಟ್ ತಾನಾಗಿ ತಿರುಗಿ ನೋಡುವುದಿಲ್ಲ, ಏಕೆಂದರೆ ಅದು ಬಳಸುತ್ತಿರುವ ಯಾವ ವಸ್ತುವೂ ಬದಲಾಗಿಲ್ಲ. ಬೇರೆ ಯಾವುದೋ ಕಾರಣಕ್ಕೆ ಮರುಪಾರ್ಸ್ ಆದಾಗ ಮಾತ್ರ ಹೊಸದಕ್ಕೆ ಹೊರಳುತ್ತದೆ. ಬೆಳಗ್ಗೆ ಸರಿ, ಮಧ್ಯಾಹ್ನ ತಪ್ಪು ಎಂಬ ವರದಿಗಳ ಹಿಂದೆ ಇಂಥದ್ದೂ ಇರಬಹುದು. ಎರಡಕ್ಕೂ ಮದ್ದು ಒಂದೇ: ತಾತ್ಕಾಲಿಕ ಟೇಬಲ್‌ಗೆ ಶಾಶ್ವತ ಟೇಬಲ್‌ನ ಹೆಸರು ಇಡಲೇಬೇಡಿ, ಬಳಸುವಾಗ ಪಿಜಿ_ಟೆಂಪ್.ಹಾಜರಿ_ಕರಡು ಎಂದು ಪೂರ್ತಿಯಾಗಿ ಕರೆಯಿರಿ. ತಮ್ಮ ಒಡೆಯರ ಅಧಿಕಾರದಲ್ಲಿ ಓಡುವ ಸೆಕ್ಯುರಿಟಿ ಡಿಫೈನರ್ ಫಂಕ್ಷನ್‌ಗಳಲ್ಲಂತೂ ಸರ್ಚ್_ಪಾಥ್‌ನ ಕೊನೆಯಲ್ಲಿ ಪಿಜಿ_ಟೆಂಪ್ ಎಂದು ಬರೆದು ಅದನ್ನು ಹಿಂದಕ್ಕೆ ತಳ್ಳಬೇಕು. ಇಲ್ಲದಿದ್ದರೆ ಸಾಮಾನ್ಯ ಬಳಕೆದಾರರೊಬ್ಬರು ಅದೇ ಹೆಸರಿನ ತಾತ್ಕಾಲಿಕ ಟೇಬಲ್ ಮಾಡಿ, ಹೆಚ್ಚಿನ ಅಧಿಕಾರದ ಫಂಕ್ಷನ್ ಅದನ್ನೇ ಓದುವಂತೆ ಮಾಡಬಹುದು.

ಉತ್ತರ ಸರಿ, ಆದರೆ ನಿಧಾನ

ಇಲ್ಲಿ ಒಂದು ಪ್ಲಾನ್ ಅನ್ನು ಹತ್ತಿರದಿಂದ ನೋಡೋಣ. ಹಾಜರಿ_ಕರಡುವಿನಲ್ಲಿ ಒಂದು ಲಕ್ಷ ಸಾಲು ತುಂಬಿದ್ದೀರಿ. ಅದರಲ್ಲಿ 98,000 ಸಾಲುಗಳ ಸ್ಥಿತಿ 1. ಅನಲೈಸ್ (ಟೇಬಲ್‌ನ ಅಂಕಿಅಂಶ ಸಂಗ್ರಹಿಸುವ ಆಜ್ಞೆ) ಮಾಡಿಲ್ಲ. ಈಗ ಸ್ಥಿತಿ = 1 ಇರುವವರನ್ನು ವೇತನ_ವಿವರ ಎಂಬ ದೊಡ್ಡ ಶಾಶ್ವತ ಟೇಬಲ್ ಜೊತೆ ಜೋಡಿಸುವ ಕ್ವೆರಿಯನ್ನು ಎಕ್ಸ್‌ಪ್ಲೇನ್ ಅನಲೈಸ್ (ಪ್ಲಾನರ್‌ನ ಅಂದಾಜನ್ನೂ ನಿಜವಾದ ಓಟವನ್ನೂ ತೋರಿಸುವ ಬೇರೊಂದು ಆಜ್ಞೆ) ಮಾಡಿದರೆ, ತಾತ್ಕಾಲಿಕ ಟೇಬಲ್‌ನ ಸಾಲಿನಲ್ಲಿ ಅಂದಾಜು 501, ನಿಜ 98,000 ಎಂದು ಕಾಣುತ್ತದೆ.

501 ಎಲ್ಲಿಂದ ಬಂತು? ಟೇಬಲ್‌ನ ಫೈಲ್ ಎಷ್ಟು ಪುಟಗಳದು ಎಂಬುದು ಪ್ಲಾನರ್‌ಗೆ ಗೊತ್ತು: ಎರಡು ಇಂಟಿಜರ್ ಕಾಲಂನ ಸಾಲು 8 ಕೆಬಿಯ ಒಂದು ಪುಟದಲ್ಲಿ 226 ಹಿಡಿಯುತ್ತದೆ, ಒಂದು ಲಕ್ಷಕ್ಕೆ 443 ಪುಟ. 443 ಅನ್ನು 226ರಿಂದ ಗುಣಿಸಿ 1,00,118 ಸಾಲು ಎಂದು ಅದು ಅಂದಾಜಿಸಿತು. ಒಟ್ಟು ಸಂಖ್ಯೆಯಲ್ಲಿ ಹೆಚ್ಚು ತಪ್ಪಿಲ್ಲ. ಆದರೆ ಸ್ಥಿತಿ ಕಾಲಂನಲ್ಲಿ ಯಾವ ಬೆಲೆ ಎಷ್ಟಿದೆ ಎಂಬ ಅಂಕಿಅಂಶ ಇಲ್ಲವೇ ಇಲ್ಲ. ಹಾಗಿದ್ದಾಗ ಪೋಸ್ಟ್‌ಗ್ರೆಸ್ 200 ಬೇರೆ ಬೇರೆ ಬೆಲೆಗಳಿವೆ ಎಂದು ಊಹಿಸಿಕೊಂಡು ಇನ್ನೂರರಲ್ಲಿ ಒಂದು ಪಾಲು ತೆಗೆದುಕೊಳ್ಳುತ್ತದೆ. ಅದೇ 501. ಐನೂರು ಸಾಲಿಗಾದರೆ ನೆಸ್ಟೆಡ್ ಲೂಪ್ ಒಳ್ಳೆಯ ಆಯ್ಕೆ, ಪ್ರತಿ ಸಾಲಿಗೂ ವೇತನ_ವಿವರದ ಇಂಡೆಕ್ಸ್‌ನಲ್ಲಿ ಒಮ್ಮೆ ಹುಡುಕಿದರೆ ಮುಗಿಯಿತು. ಆದರೆ ನಿಜದಲ್ಲಿ ಆ ಹುಡುಕಾಟ 98,000 ಬಾರಿ ನಡೆಯುತ್ತದೆ. ಒಳಗಿನ ಇಂಡೆಕ್ಸ್ ಸ್ಕ್ಯಾನ್ ಪಕ್ಕದಲ್ಲಿ ಲೂಪ್ಸ್ ಎಂಬಲ್ಲಿ ಆ ಸಂಖ್ಯೆಯೇ ಬರೆದಿರುತ್ತದೆ. ಇಂಥ ಜೋಡಣೆ ಒಂದರ ಮೇಲೊಂದು ಮೂರಿದ್ದರೆ ಅಂದಾಜಿನ ತಪ್ಪು ಪ್ರತಿ ಹಂತದಲ್ಲೂ ಬೆಳೆಯುತ್ತದೆ.

ಅಭ್ಯಾಸವಿದ್ದವರು 2260 ಎಂಬ ಸಂಖ್ಯೆಯನ್ನೂ ಗುರುತು ಹಿಡಿಯುತ್ತಾರೆ. ಎಂದೂ ಅನಲೈಸ್ ಆಗದ ಖಾಲಿ ಟೇಬಲ್ ಅನ್ನು ಪೋಸ್ಟ್‌ಗ್ರೆಸ್ 10 ಪುಟದ್ದೆಂದು ಎಣಿಸುತ್ತದೆ. ಎರಡು ಇಂಟಿಜರ್ ಕಾಲಂಗೆ ಅದು 2260 ಸಾಲು, ಒಂದೇ ಇಂಟಿಜರ್‌ಗೆ 2550. ಪ್ಲಾನ್‌ನಲ್ಲಿ ಈ ಸಂಖ್ಯೆಗಳು ಕಂಡರೆ ಪ್ಲಾನರ್ ಕತ್ತಲಲ್ಲಿ ತಡಕಾಡುತ್ತಿದೆ ಎಂದೇ ತಿಳಿಯಿರಿ. ಖಚಿತಪಡಿಸಿಕೊಳ್ಳಲು ಪಿಜಿ_ಕ್ಲಾಸ್‌ನ ರೆಲ್‌ಟ್ಯೂಪಲ್ಸ್ ನೋಡಿ. 14ನೆಯ ಆವೃತ್ತಿಯಿಂದ ಈಚೆಗೆ ಅಲ್ಲಿ -1 ಇದ್ದರೆ ಆ ಟೇಬಲ್ ಎಂದೂ ಅನಲೈಸ್ ಆಗಿಲ್ಲ. ಪಿಜಿ_ಸ್ಟ್ಯಾಟ್ಸ್‌ನಲ್ಲಿ ಆ ಟೇಬಲ್‌ನ ಸಾಲೇ ಇರುವುದಿಲ್ಲ.

ಶಾಶ್ವತ ಟೇಬಲ್‌ಗಳಲ್ಲಿ ಈ ಕೆಲಸವನ್ನು ಆಟೋವ್ಯಾಕ್ಯೂಮ್ ಮಾಡುತ್ತದೆ. ತಾತ್ಕಾಲಿಕ ಟೇಬಲ್‌ನ ಪುಟಗಳು ಆಯಾ ಸೆಷನ್‌ನ ಸ್ವಂತ ಮೆಮೊರಿಯಲ್ಲಿರುತ್ತವೆ, ಹೊರಗಿನ ಪ್ರೋಸೆಸ್‌ಗೆ ಅವು ಕಾಣುವುದಿಲ್ಲ. ಎಷ್ಟು ಹೊತ್ತು ಕಾದರೂ ಅಂಕಿಅಂಶ ತಾನಾಗಿ ಬರುವುದಿಲ್ಲ. ಆದ್ದರಿಂದ ತುಂಬಿದ ಮೇಲೆ ನೀವೇ ಅನಲೈಸ್ ಹಾಜರಿ_ಕರಡು ಎಂದು ಓಡಿಸಬೇಕು. ಇಂಡೆಕ್ಸ್ ಬೇಕಿದ್ದರೆ ಮೊದಲು ತುಂಬಿ, ಆಮೇಲೆ ಇಂಡೆಕ್ಸ್ ಮಾಡಿ, ಕೊನೆಗೆ ಅನಲೈಸ್. ಇಂಡೆಕ್ಸ್ ಮಾಡಿದಾಗ ಒಟ್ಟು ಸಾಲಿನ ಲೆಕ್ಕ ಸರಿಹೋಗುತ್ತದೆಯೇ ಹೊರತು ಬೆಲೆಗಳ ಹಂಚಿಕೆ ತಿಳಿಯುವುದಿಲ್ಲ. ಅನಲೈಸ್ ದುಬಾರಿಯಾದೀತು ಎಂಬ ಹೆದರಿಕೆ ಬೇಡ. ಪೂರ್ವನಿಯೋಜಿತ ಸೆಟ್ಟಿಂಗ್‌ನಲ್ಲಿ ಅದು ಎಷ್ಟೇ ದೊಡ್ಡ ಟೇಬಲ್‌ನಿಂದಲೂ 30,000 ಸಾಲುಗಳ ಮಾದರಿಯನ್ನಷ್ಟೇ ತೆಗೆಯುತ್ತದೆ. ಒಂದೇ ಟೇಬಲ್ ಅನ್ನು ಖಾಲಿ ಮಾಡಿ ಮತ್ತೆ ಮತ್ತೆ ತುಂಬುವವರು ಪ್ರತಿ ಬಾರಿ ತುಂಬಿದ ಮೇಲೂ ಅನಲೈಸ್ ಮಾಡಬೇಕು. ಹಿಂದಿನ ಸುತ್ತಿನ ನೂರು ಸಾಲಿನ ಅಂಕಿಅಂಶ ಈ ಸುತ್ತಿನ ಲಕ್ಷ ಸಾಲಿಗೆ ದಾರಿ ತಪ್ಪಿಸುತ್ತದೆ. ನಿಧಾನದ ದೂರುಗಳಲ್ಲಿ ನಾನು ಮೊದಲು ಕೇಳುವುದು ಇದೊಂದನ್ನೇ, ಬಹುಪಾಲು ಅಲ್ಲಿಗೇ ಮುಗಿಯುತ್ತದೆ.

ಅಂದಾಜು ಸರಿಯಾದ ಮೇಲೂ ನಿಧಾನವಾಗಿದ್ದರೆ ಎಕ್ಸ್‌ಪ್ಲೇನ್‌ಗೆ ಬಫರ್ಸ್ ಸೇರಿಸಿ. ಲೋಕಲ್ ಎಂದು ಆರಂಭವಾಗುವ ಸಂಖ್ಯೆಗಳು ತಾತ್ಕಾಲಿಕ ಟೇಬಲ್‌ನವು. ಲೋಕಲ್ ರೀಡ್, ಲೋಕಲ್ ರಿಟನ್ ದೊಡ್ಡದಾಗಿದ್ದರೆ ತಾತ್ಕಾಲಿಕ ಟೇಬಲ್‌ಗಳಿಗೆ ಮೀಸಲಾದ ಮೆಮೊರಿ, ಅಂದರೆ ಟೆಂಪ್_ಬಫರ್ಸ್, ಸಾಲುತ್ತಿಲ್ಲ ಎಂದರ್ಥ. ಅದರ ಪೂರ್ವನಿಯೋಜಿತ ಗಾತ್ರ 8 ಎಂಬಿ, ಅಂದರೆ 1024 ಪುಟ. ನಮ್ಮ 443 ಪುಟದ ಟೇಬಲ್‌ಗೆ ಅದು ಧಾರಾಳ, ಉದ್ದನೆಯ ಪಠ್ಯ ಕಾಲಂಗಳಿರುವ ಟೇಬಲ್‌ಗೆ ಸಾಲದು. ಹೆಚ್ಚಿಸುವುದಾದರೆ ಆ ಸೆಷನ್‌ನಲ್ಲಿ ಮೊದಲ ತಾತ್ಕಾಲಿಕ ಟೇಬಲ್ ಮುಟ್ಟುವುದಕ್ಕೆ ಮುಂಚೆಯೇ ಹೆಚ್ಚಿಸಬೇಕು, ಆಮೇಲೆ ಬದಲಿಸಲು ಬಿಡುವುದಿಲ್ಲ. ಪೂಲ್‌ನಿಂದ ಬಂದ ಕನೆಕ್ಷನ್‌ನಲ್ಲಿ ಹಿಂದಿನವರು ಈಗಾಗಲೇ ಮುಟ್ಟಿರಬಹುದು. ಇಡೀ ಸರ್ವರ್‌ಗೆ ಹೆಚ್ಚಿಸುವ ಮೊದಲು ಕನೆಕ್ಷನ್‌ಗಳ ಸಂಖ್ಯೆಯಿಂದ ಗುಣಿಸಿ ನೋಡಿ, ಪ್ರತಿ ಸೆಷನ್ ಬಳಸಿದ ಅಷ್ಟೂ ಮೆಮೊರಿಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತದೆ.

ನೇರ ಕ್ವೆರಿಯಾಗಿದ್ದಾಗ ಹಲವು ವರ್ಕರ್‌ಗಳ ಮೇಲೆ ಓಡುತ್ತಿದ್ದದ್ದು ತಾತ್ಕಾಲಿಕ ಟೇಬಲ್‌ಗೆ ಬದಲಿಸಿದ ಮೇಲೆ ಒಂಟಿಯಾಗಿ ಓಡುತ್ತಿದ್ದರೆ ಅದು ದೋಷವಲ್ಲ, ಸ್ವಭಾವ. ತಾತ್ಕಾಲಿಕ ಟೇಬಲ್‌ನ ಸ್ಕ್ಯಾನ್ ವರ್ಕರ್‌ಗಳಿಗೆ ಹಂಚಲಾಗದು. ಅಂಥ ಕಡೆ ಅನ್‌ಲಾಗ್ಡ್ ಟೇಬಲ್ (ಬದಲಾವಣೆಗಳನ್ನು ವಾಲ್ ಎಂಬ ದಾಖಲೆಯಲ್ಲಿ ಬರೆಯದ, ಎಲ್ಲ ಸೆಷನ್‌ಗಳಿಗೂ ಕಾಣುವ ಟೇಬಲ್) ಮಾಡಿ, ಯಾವ ಸುತ್ತಿನ ಸಾಲು ಎಂದು ಗುರುತಿಸಲು ಒಂದು ಕಾಲಂ ಇಟ್ಟುಕೊಳ್ಳುವುದು ಮೇಲು.

ಬೇಗ ಬಗೆಹರಿಯುವ ಕೆಲವು

ವರದಿಗಳನ್ನು ರೆಪ್ಲಿಕಾಗೆ (ಮುಖ್ಯ ಸರ್ವರ್‌ನ, ಓದಲು ಮಾತ್ರ ಬಿಡುವ ಪ್ರತಿಗೆ) ಸಾಗಿಸಿದ ದಿನವೇ 25006 ಸಂಕೇತ ಕಾಣಿಸಿಕೊಂಡರೆ, ಅಂಥ ಹಾಟ್ ಸ್ಟ್ಯಾಂಡ್‌ಬೈನಲ್ಲಿ ತಾತ್ಕಾಲಿಕ ಟೇಬಲ್ ಮಾಡಲು ಸಾಧ್ಯವೇ ಇಲ್ಲ. ಟೇಬಲ್‌ಗಳ ವಿವರ ಇರುವ ಕ್ಯಾಟಲಾಗ್‌ನಲ್ಲಿ ಬರೆಯಬೇಕಾಗುತ್ತದೆ, ಅಲ್ಲಿ ಬರೆಯುವಂತಿಲ್ಲ. ವಿತ್ ಉಪಯೋಗಿಸಿ ಒಂದೇ ಕ್ವೆರಿಯಾಗಿ ಬರೆಯಿರಿ. 42501 ಬಂದರೆ ಆ ಡೇಟಾಬೇಸ್‌ನ ಮೇಲೆ ಟೆಂಪ್ ಅಧಿಕಾರವನ್ನು ಯಾರೋ ಹಿಂತೆಗೆದಿದ್ದಾರೆ, ಸಾಮಾನ್ಯವಾಗಿ ಅದು ಎಲ್ಲರಿಗೂ ಇರುತ್ತದೆ. ಶೇರ್ಡ್ ಮೆಮೊರಿ ಮುಗಿಯಿತು, ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್ ಹೆಚ್ಚಿಸಿ ಎಂಬ ಸೂಚನೆ ಬಂದರೆ ಹೆಚ್ಚಿಸುವ ಮೊದಲು ಕೋಡ್ ನೋಡಿ. ಒಂದೇ ಟ್ರಾನ್ಸಾಕ್ಷನ್‌ನ ಲೂಪ್‌ನಲ್ಲಿ ಸಾವಿರಾರು ತಾತ್ಕಾಲಿಕ ಟೇಬಲ್ ಮಾಡಿ ಅಳಿಸುತ್ತಿರುತ್ತಾರೆ. ಅಳಿಸಿದ ಟೇಬಲ್‌ನ ಲಾಕ್ ಕೂಡ ಟ್ರಾನ್ಸಾಕ್ಷನ್ ಮುಗಿಯುವವರೆಗೂ ಇರುತ್ತದೆ. ತಾತ್ಕಾಲಿಕ ಟೇಬಲ್ ಮುಟ್ಟಿದ ಟ್ರಾನ್ಸಾಕ್ಷನ್ ಅನ್ನು ಪ್ರಿಪೇರ್ ಟ್ರಾನ್ಸಾಕ್ಷನ್ ಮಾಡಲಾಗದು, ಅದಕ್ಕೆ ಅಡ್ಡದಾರಿಯಿಲ್ಲ.

ಡೇಟಾಬೇಸ್ ಪೂರ್ತಿ ಭಾರವಾಗುತ್ತಿದ್ದರೆ

ತಾತ್ಕಾಲಿಕ ಟೇಬಲ್‌ನ ಡೇಟಾ ಹಗುರ, ವಾಲ್‌ನಲ್ಲಿ ದಾಖಲಾಗುವುದಿಲ್ಲ. ಕ್ಯಾಟಲಾಗ್‌ಗೆ ಹೋಗುವ ಅದರ ವಿವರ ಹಗುರವಲ್ಲ. ಒಂದು ಪಠ್ಯ ಕಾಲಂ ಸೇರಿ ಹತ್ತು ಕಾಲಂ ಇರುವ ತಾತ್ಕಾಲಿಕ ಟೇಬಲ್ ಮಾಡಿದಾಗ, ಉದ್ದ ಬೆಲೆಗಳನ್ನು ಬೇರೆಯಾಗಿ ಇಡುವ ಟೋಸ್ಟ್ ಟೇಬಲ್ ಮತ್ತು ಅದರ ಇಂಡೆಕ್ಸ್ ಕೂಡ ಹುಟ್ಟುತ್ತವೆ. ಪಿಜಿ_ಕ್ಲಾಸ್‌ಗೆ 3 ಸಾಲು, ಪಿಜಿ_ಆಟ್ರಿಬ್ಯೂಟ್‌ಗೆ 27 ಸಾಲು ಹೋಗುತ್ತವೆ; ಹತ್ತು ಕಾಲಂ, ಅದರ 6 ಸಿಸ್ಟಂ ಕಾಲಂ, ಟೋಸ್ಟ್‌ನ 9, ಇಂಡೆಕ್ಸ್‌ನ 2. ಇವು ಸಾಮಾನ್ಯ ಶಾಶ್ವತ ಸಾಲುಗಳು, ವಾಲ್‌ನಲ್ಲೂ ದಾಖಲಾಗುತ್ತವೆ. ಟೇಬಲ್ ಅಳಿದಾಗ ಅಷ್ಟೂ ಸಾಲು ಸತ್ತ ಸಾಲಾಗಿ ಉಳಿಯುತ್ತವೆ. ಪ್ರತಿ ವೆಬ್ ಕೋರಿಕೆಗೂ ಒಂದು ತಾತ್ಕಾಲಿಕ ಟೇಬಲ್ ಮಾಡುವ ಅಪ್ಲಿಕೇಶನ್ ಇದ್ದರೆ ಲೆಕ್ಕ ಹಾಕಿ ನೋಡಿ.

ಲಕ್ಷಣ ಏನೆಂದರೆ, ಚಿಕ್ಕ ಕ್ವೆರಿಗಳಿಗೂ ಎಕ್ಸ್‌ಪ್ಲೇನ್‌ನಲ್ಲಿ ಪ್ಲಾನಿಂಗ್ ಟೈಮ್ ಏರಿರುತ್ತದೆ, ಟೇಬಲ್‌ಗಳ ಪಟ್ಟಿ ತೆರೆಯುವುದೂ ನಿಧಾನವಾಗುತ್ತದೆ. ಪಿಜಿ_ಸ್ಟ್ಯಾಟ್_ಸಿಸ್_ಟೇಬಲ್ಸ್‌ನಲ್ಲಿ ಪಿಜಿ_ಆಟ್ರಿಬ್ಯೂಟ್‌ನ ಸತ್ತ ಸಾಲುಗಳ ಸಂಖ್ಯೆ, ಕೊನೆಯ ಆಟೋವ್ಯಾಕ್ಯೂಮ್ ಸಮಯ ನೋಡಿ, ಜೊತೆಗೆ ಪಿಜಿ_ಟೋಟಲ್_ರಿಲೇಷನ್_ಸೈಜ್‌ನಿಂದ ಅದರ ಗಾತ್ರವನ್ನೂ ನೋಡಿ. ಆಟೋವ್ಯಾಕ್ಯೂಮ್ ಬಂದುಹೋಗುತ್ತಿದ್ದರೂ ಸತ್ತ ಸಾಲು ಇಳಿಯುತ್ತಿಲ್ಲವಾದರೆ, ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಬಹಳ ಹಿಂದಿನ ಎಕ್ಸ್ಯಾಕ್ಟ್_ಸ್ಟಾರ್ಟ್ ಇರುವ ಟ್ರಾನ್ಸಾಕ್ಷನ್ ಹುಡುಕಿ. ತೆರೆದಿಟ್ಟು ಮರೆತ ಒಂದೇ ಒಂದು ಟ್ರಾನ್ಸಾಕ್ಷನ್ ಶುಚಿ ಕೆಲಸವನ್ನು ತಡೆಹಿಡಿದಿರಬಹುದು. ಅದನ್ನು ಮುಗಿಸಿ, ಪಿಜಿ_ಆಟ್ರಿಬ್ಯೂಟ್ ಮೇಲೆ ಸಾದಾ ವ್ಯಾಕ್ಯೂಮ್ ಓಡಿಸಿ. ವ್ಯಾಕ್ಯೂಮ್ ಫುಲ್ ಜಾಗ ಹಿಂದಿರುಗಿಸುತ್ತದೆ ನಿಜ, ಆದರೆ ಆ ಕ್ಯಾಟಲಾಗ್ ಟೇಬಲ್‌ಗೆ ಪೂರ್ತಿ ಬೀಗ ಹಾಕುತ್ತದೆ. ಕೆಲಸದ ಹೊತ್ತಿನಲ್ಲಿ ಬೇಡ.

ಮೂಲದಲ್ಲೇ ನಿಲ್ಲಿಸಬೇಕೆಂದರೆ, ಸೆಷನ್‌ಗೆ ಒಮ್ಮೆ ಮಾತ್ರ ಟೇಬಲ್ ಮಾಡಿ ಆನ್ ಕಮಿಟ್ ಡಿಲೀಟ್ ರೋಸ್ ಹಾಕಿ. ಅದು ಫೈಲ್ ಅನ್ನು ಇದ್ದಲ್ಲೇ ಖಾಲಿ ಮಾಡುತ್ತದೆ. ಟ್ರಾನ್ಸಾಕ್ಷನ್ ಮೋಡ್‌ನ ಪೂಲರ್ ಇರುವವರಿಗೆ ಈ ದಾರಿ ಇಲ್ಲ. ಅವರು ಕೆಲವು ನೂರು ಐಡಿಗಳನ್ನು ಹಿಡಿದಿಡಲು ಟೇಬಲ್ ಮಾಡುವ ಬದಲು ಅರೇ ಆಗಿ ಕಳಿಸಿ ಅನ್‌ನೆಸ್ಟ್ ಮಾಡಲಿ. ನನ್ನ ಅನುಭವದಲ್ಲಿ ತಾತ್ಕಾಲಿಕ ಟೇಬಲ್‌ಗಳ ದೊಡ್ಡ ಪಾಲು ಇಂಥ ಚಿಕ್ಕ ಪಟ್ಟಿಗಳಿಗಾಗಿಯೇ ಹುಟ್ಟುತ್ತವೆ, ಅವುಗಳ ಅಗತ್ಯವೇ ಇರುವುದಿಲ್ಲ.

ಡಿಸ್ಕ್ ತುಂಬಿದ ಪ್ರಕರಣಗಳಲ್ಲಿ ಟೆಂಪ್_ಫೈಲ್_ಲಿಮಿಟ್ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಆ ಮಿತಿ ಸಾರ್ಟ್, ಹ್ಯಾಶ್‌ಗಳು ತೆರೆಮರೆಯಲ್ಲಿ ಬರೆಯುವ ಫೈಲ್‌ಗಳಿಗೆ ಮಾತ್ರ. ನೀವೇ ಮಾಡಿದ ತಾತ್ಕಾಲಿಕ ಟೇಬಲ್ ಅದರ ಲೆಕ್ಕಕ್ಕೆ ಬರುವುದಿಲ್ಲ, ಲಾಗ್_ಟೆಂಪ್_ಫೈಲ್ಸ್ ಕೂಡ ಅದನ್ನು ತೋರಿಸುವುದಿಲ್ಲ. ಪಿಜಿ_ಕ್ಲಾಸ್‌ನಲ್ಲಿ ರೆಲ್‌ಪರ್ಸಿಸ್ಟೆನ್ಸ್ ಬೆಲೆ ಟಿ ಇರುವ ಟೇಬಲ್‌ಗಳನ್ನು ಪಿಜಿ_ಟೋಟಲ್_ರಿಲೇಷನ್_ಸೈಜ್ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿದರೆ ಜಾಗ ತಿಂದವರು ಮೇಲೆ ಬರುತ್ತಾರೆ. ಮುಂದೆ ಹೀಗಾಗದಂತೆ ಟೆಂಪ್_ಟೇಬಲ್‌ಸ್ಪೇಸಸ್‌ನಿಂದ ಅವನ್ನು ಬೇರೆ ಡಿಸ್ಕ್‌ಗೆ ಕಳಿಸಬಹುದು.

ಕೊನೆಯದು ಅಪರೂಪ, ಆದರೆ ಬಂದರೆ ಡೇಟಾಬೇಸ್ ಬರೆಯುವುದನ್ನೇ ನಿಲ್ಲಿಸುತ್ತದೆ. ಟ್ರಾನ್ಸಾಕ್ಷನ್ ಸಂಖ್ಯೆಗಳು ಮಿತಿ ಮುಟ್ಟಿ ಸುತ್ತು ಹೊಡೆದಾಗ ಗೊಂದಲವಾಗದಂತೆ ಹಳೆಯ ಸಾಲುಗಳನ್ನು ಆಟೋವ್ಯಾಕ್ಯೂಮ್ ಫ್ರೀಜ್ ಮಾಡುತ್ತಾ (ಹಳೆಯವೆಂದು ಶಾಶ್ವತವಾಗಿ ಗುರುತಿಸುತ್ತಾ) ಇರುತ್ತದೆ. ತಿಂಗಳುಗಟ್ಟಲೆ ಮುಚ್ಚದ ಕನೆಕ್ಷನ್‌ನೊಳಗೆ ಕೂತಿರುವ ತಾತ್ಕಾಲಿಕ ಟೇಬಲ್ ಅನ್ನು ಅದು ಫ್ರೀಜ್ ಮಾಡಲಾರದು. ಆ ಒಂದು ಟೇಬಲ್‌ನ ರೆಲ್‌ಫ್ರೋಜನ್‌ಎಕ್ಸ್‌ಐಡಿ ಇಡೀ ಡೇಟಾಬೇಸ್‌ನ ಗಡಿಯನ್ನು ಹಿಂದಕ್ಕೆ ಹಿಡಿದಿಡುತ್ತದೆ. ವ್ಯಾಕ್ಯೂಮ್ ಎಷ್ಟು ಓಡಿಸಿದರೂ ಡೇಟಾಬೇಸ್‌ನ ವಯಸ್ಸು 20 ಕೋಟಿ ಟ್ರಾನ್ಸಾಕ್ಷನ್ ದಾಟಿ ಏರುತ್ತಲೇ ಇದೆ, ಶಾಶ್ವತ ಟೇಬಲ್‌ಗಳೆಲ್ಲ ಸರಿಯಿವೆ ಎಂದಾದರೆ, ತಾತ್ಕಾಲಿಕ ಟೇಬಲ್‌ಗಳನ್ನು ಏಜ್(ರೆಲ್‌ಫ್ರೋಜನ್‌ಎಕ್ಸ್‌ಐಡಿ) ಪ್ರಕಾರ ಜೋಡಿಸಿ ನೋಡಿ. ಸರ್ವರ್ ಕ್ರ್ಯಾಷ್ ಆದಾಗ ಅನಾಥವಾಗಿ ಉಳಿದ ಟೇಬಲ್‌ಗಳನ್ನು ಆಟೋವ್ಯಾಕ್ಯೂಮ್ ತಾನೇ ಅಳಿಸುತ್ತದೆ. ಬದುಕಿರುವ ಸೆಷನ್‌ನದ್ದಾದರೆ ಆ ಸೆಷನ್ನೇ ಅದನ್ನು ವ್ಯಾಕ್ಯೂಮ್ ಮಾಡಬೇಕು ಇಲ್ಲವೇ ಅಳಿಸಬೇಕು. ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ಅತ್ಯಂತ ಹಳೆಯ ಬ್ಯಾಕೆಂಡ್_ಸ್ಟಾರ್ಟ್ ಇರುವ ಕನೆಕ್ಷನ್‌ಗಳಿಂದ ಹುಡುಕಾಟ ಆರಂಭಿಸಿ. ಸಂಬಂಧಪಟ್ಟವರಿಗೆ ತಿಳಿಸಿ ಪಿಜಿ_ಟರ್ಮಿನೇಟ್_ಬ್ಯಾಕೆಂಡ್‌ನಿಂದ ಅದನ್ನು ಮುಗಿಸಿ, ಆಮೇಲೆ ಏಜ್ ಇಳಿಯಿತೇ ಎಂದು ನೋಡಿ. ಪೂಲ್‌ನ ಕನೆಕ್ಷನ್‌ಗಳಿಗೆ ಗರಿಷ್ಠ ಆಯುಷ್ಯದ ಮಿತಿ ಹಾಕಿಟ್ಟರೆ ಇದು ಮರುಕಳಿಸುವುದಿಲ್ಲ. ಪಿಜಿಬೌನ್ಸರ್‌ನಲ್ಲಿ ಆ ಸೆಟ್ಟಿಂಗ್ ಸರ್ವರ್_ಲೈಫ್‌ಟೈಮ್.